ಪುಟ ನೂರಹನ್ನೆರಡು

ಸೋಹಾರ್ ಬಂದರಿನ ಹಿಂದೆ, ಮೂರನೇ ಗೇಟಿನಲ್ಲಿ
ನನಗೊಂದು ಪೆಟ್ಟಿಗೆಯಂಥ ಕೋಣೆ, ಒಂದು ಏಸಿ;
ನೀರು ಸುರಿಸುತ್ತದೆ, ತಂಪು ಮಾತ್ರ ಕೊಡುವುದಿಲ್ಲ.
ಕಾದಂಬರಿ ಸಿಕ್ಕಿದ್ದು ಕ್ಯಾಂಪಿನ ಕ್ಷೌರದಂಗಡಿಯಲ್ಲಿ,
ಮಲಯಾಳಿ ಪತ್ರಿಕೆಗಳ ಅಡಿಯಲ್ಲಿ, ರಟ್ಟಿಲ್ಲದೆ.
ಬರೆದವರು ಯಾರೋ, ಹೆಸರೇನೋ.
ಕನ್ನಡ ಅಂತ ಕಂಡದ್ದೇ ಸಾಕಾಗಿ
ಚಿಲ್ಲರೆ ವಾಪಸು ಕೇಳದೆ ಎತ್ತಿಕೊಂಡು ಬಂದೆ.

ಕಥೆ ಹೊಸದೇನಲ್ಲ.
ಎಳೆಯ ಇನ್‌ಸ್ಪೆಕ್ಟರ್, ಹೊಸ ಬೂಟು,
ಮಾಮೂಲಿ ಹಂಚುವ ಶನಿವಾರ
ಅವನ ಮೇಜಿಗೂ ಒಂದು ಕವರು ಬರುತ್ತದೆ.
ಕೈಯಲ್ಲಿ ಮುಟ್ಟದೆ, ಪೆನ್ಸಿಲಿನ ತುದಿಯಿಂದ
ಹಿಂದಕ್ಕೆ ತಳ್ಳುತ್ತಾನೆ.
ಇಲ್ಲಿ ನಾನು ನಕ್ಕೆ. ಒಬ್ಬನೇ, ಗಟ್ಟಿಯಾಗಿ.
ಬರೆದವರು ಠಾಣೆಯಲ್ಲಿ ರಾತ್ರಿ ಕಳೆದವರಲ್ಲ.
ಕವರು ಮೇಜಿಗೆ ಬರುವುದಿಲ್ಲ.
ಮನೆಗೆ ಅಕ್ಕಿಯಾಗಿ ಬರುತ್ತದೆ,
ಮಗಳ ಫೀಸಿನ ರಸೀದಿಯಾಗಿ,
ಕೇಳುವ ಮೊದಲೇ ರಿಪೇರಿಯಾದ ಬೈಕಾಗಿ.

ಆದರೆ ಪುಟ ನೂರಹನ್ನೆರಡು.
ರಾತ್ರಿ ಒಬ್ಬ ಹುಡುಗನನ್ನು ಎಳೆದು ತರುತ್ತಾರೆ.
ಅಲ್ಲೊಂದು ಸಾಲು:
'ಪೇದೆಯೊಬ್ಬ ಬಾಗಿಲು ತೆರೆದ.'
ಅಷ್ಟೇ. ಅವನಿಗೆ ಹೆಸರಿಲ್ಲ, ಮೀಸೆಯಿಲ್ಲ,
ಮುಂದೆ ಎಲ್ಲೂ ಅವನು ಮತ್ತೆ ಬರುವುದಿಲ್ಲ.

ತೆರೆದ ಮೇಲೆ ಏನು ಮಾಡಿದನೆಂದು ನಾನು ಹೇಳಬಲ್ಲೆ.
ಚಾ ತರಿಸಿದ. ಫ್ಯಾನು ಜೋರು ಮಾಡಿದ,
ಒಳಗಿನದು ಹೊರಗೆ ಕೇಳದ ಹಾಗೆ.
ಬೆಳಗಾದ ಮೇಲೆ ಡೈರಿ ತೆರೆದು
ಅಚ್ಚುಕಟ್ಟಾಗಿ ಬರೆದ:
ದಸ್ತಗಿರಿ, ಬೆಳಿಗ್ಗೆ ಆರು ಗಂಟೆ.

ನಮ್ಮ ಹುಡುಗನ ಹೆಸರೂ ದಸ್ತಗೀರ.
ಕೈ ಹಿಡಿದು ಎತ್ತುವವನು ಅಂತ ಅರ್ಥ, ಸಾಹೇಬರೆ,
ಅಂದಿದ್ದಳು ಅವನ ತಾಯಿ, ಠಾಣೆಯ ಕಟ್ಟೆಯ ಮೇಲೆ ಕೂತು,
ಅವನ ಬಲಗೈಗೆ ಲೋಟ ಎತ್ತಲಾಗದೆ ಹೋದ ಆ ವಾರ.
ನನ್ನ ಅಕ್ಷರ ಚಂದ.
ಅದಕ್ಕೇ ನನ್ನನ್ನು ರೈಟರ್ ಮಾಡಿದ್ದರು.

ನಮಗೂ ಒಬ್ಬರು ಬಂದಿದ್ದರು, ಗುರುಪಾದ ತಳವಾರ ಅಂತ.
ಇಪ್ಪತ್ತಾರು ವಯಸ್ಸು, ಊಟದ ಡಬ್ಬಿ ತಾವೇ ತೊಳೆಯುವವರು.
ಡೈರಿ ನನ್ನ ಮುಂದಿಟ್ಟು ಕೇಳಿದರು, ಬೈಯದೆ:
ಹುಡುಗ ಬಂದದ್ದು ಎಷ್ಟು ಗಂಟೆಗೆ?
ಕಾದಂಬರಿಯಲ್ಲಾದರೆ ಇಲ್ಲಿ ಗುಡುಗಬೇಕು.
ನಮ್ಮಲ್ಲಿ ಒಂದು ನೊಣ
ಇಂಕ್‌ಪ್ಯಾಡಿನ ಅಂಚಿನಲ್ಲಿ ನಡೆಯುತ್ತಿತ್ತು.
ಅದನ್ನೇ ನೋಡುತ್ತ ಅಂದೆ:
ಬರೆದದ್ದೇ ಸರಿ, ಸರ್.
ಹನ್ನೊಂದನೇ ವಾರಕ್ಕೆ ವರ್ಗ.
ಹೋಗುವಾಗ ನನ್ನ ಕೈ ಕುಲುಕಿದರು.
ಅದೊಂದನ್ನು ಅವರು ಮಾಡಬಾರದಿತ್ತು.

ಪುಸ್ತಕದ ಕೊನೆಯ ಹಾಳೆಗಳಿಲ್ಲ;
ಕ್ಷೌರಿಕ ರೇಜರ್ ಒರೆಸಿರಬೇಕು.
ಮುಗಿಯುವುದು ಹೇಗೆ ಎಂದು ಕ್ಯಾಂಪಿನಲ್ಲಿ ಕೇಳುತ್ತಾರೆ.
ಅಡುಗೆಯ ಐತಪ್ಪನಿಗೆ ಅಂದೆ: ಗೆದ್ದ, ಮೆಡಲು ಬಂತು.
ಅವತ್ತು ನನ್ನ ತಟ್ಟೆಗೆ ಎರಡು ಮೀನು ಹೆಚ್ಚು.
ಫೋರ್ಕ್‌ಲಿಫ್ಟಿನ ಹುಸೇನಬ್ಬನಿಗೆ ಅಂದೆ: ಸತ್ತ.
ಥೂ, ಬೇರೆ ಹೇಳು ಮಾರಾಯ, ಅಂದ.

ಇವತ್ತು ರಾತ್ರಿ ಎರಡೂ ನಲವತ್ತಕ್ಕೆ ಒಂದು ಟ್ರೇಲರ್.
ಪಠಾಣ ಡ್ರೈವರು ಕಿಟಕಿಯಿಂದ ಒಂದು ರಿಯಾಲ್ ಚಾಚಿದ:
ಒಂದು ಗಂಟೆ ಅಂತ ಬರಿ ಭಾಯ್,
ತಡವಾದರೆ ಪಗಾರ ಹಿಡಿಯುತ್ತಾರೆ.
ನೋಟು ಹಿಂದಕ್ಕೆ ಕೊಟ್ಟೆ. ಎರಡೂ ನಲವತ್ತು ಎಂದೇ ಬರೆದೆ.
ಅವನು ಮರಳಿಗೆ ಉಗುಳಿ ಗೇರ್ ಹಾಕಿದ.
ನನ್ನ ಸತ್ಯಕ್ಕೆ ಈ ಸಲವೂ ಇನ್ನೊಬ್ಬ ಬಡವನೇ ತೆತ್ತ.
ಒಳ್ಳೆಯವನಾದೆ ಅಂತಲ್ಲ. ಹೆದರಿಕೆ.
ಸುಳ್ಳು ಗಂಟೆ ಬರೆಯುವಾಗ
ನನ್ನ ಅಕ್ಷರ ಇನ್ನೂ ಚಂದ ಬರುತ್ತದೆ.

ಧೂಳು ಇಳಿದ ಮೇಲೆ ಆ ಪುಟ ತೆರೆದು
ಅಂಚಿನಲ್ಲಿ, ಕಂಪನಿಯ ನೀಲಿ ಪೆನ್ನಿನಲ್ಲಿ ಬರೆದೆ:
ರಾತ್ರಿ ಹನ್ನೊಂದೂ ಹತ್ತು.
ಬಾಗಿಲು ತೆರೆದದ್ದು ಬಕಲ್ ನಂಬರ್ ಸಾವಿರದ ನೂರ ನಲವತ್ತಾರು.

ಶುಕ್ರವಾರ ಕಟಿಂಗಿಗೆ ಹೋದಾಗ
ಪುಸ್ತಕ ಅಲ್ಲೇ ಇಟ್ಟು ಬರುತ್ತೇನೆ,
ಅದೇ ಪತ್ರಿಕೆಗಳ ಅಡಿಯಲ್ಲಿ.
ಯಾರ ಕೈಗೆ ಸಿಗುತ್ತದೋ.
ಓದಲು ಕಷ್ಟವಾದರೆ ತಪ್ಪು ತಿಳಿಯಬೇಡಿ,
ಅಕ್ಷರ ಸೊಟ್ಟಗಾಗಿದೆ.