ಸಾಗುವಳಿದಾರ ಎಂಬ ಕಾಲಂ

ಮಾಪ್ಸಾದ ಕೃಷಿ ಕಚೇರಿಯ ಎದುರು
ನನ್ನದೊಂದು ಝೆರಾಕ್ಸ್ ಅಂಗಡಿ.
ಹಾಳೆಗೆ ಎರಡು ರೂಪಾಯಿ,
ಅರ್ಜಿ ತುಂಬಿಕೊಡಲು ಇಪ್ಪತ್ತು,
ಅಳುವವರಿಗೆ ಪುಕ್ಕಟೆ ನೀರು.

ಶುಕ್ರವಾರದ ಸಂತೆ ಮುಗಿಸಿ ಬಂದಳು ಫಕೀರವ್ವ,
ರೋಣದ ಕಡೆಯವಳು, ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ.
ಕಟ್ಟಡಕ್ಕೆ ಮಣ್ಣು ಹೊರಲು ಬಂದವಳು
ಮಣ್ಣಲ್ಲೇ ನಿಂತಳು:
ಭತ್ತ ಕೊಯ್ದ ಮೇಲೆ ಬೋಳು ಬಿದ್ದ
ಭಾಟಕಾರರ ಗದ್ದೆ ಹಿಡಿದು
ರಾಜಗಿರಿ, ಮೂಲಂಗಿ, ಒಂದಿಷ್ಟು ಗೆಣಸು.
ಬಾಯಿಮಾತಿನ ಲಾವಣಿ. ಕಾಗದವಿಲ್ಲ.
ಜೂನ್ ಬಂತೆಂದರೆ ಗದ್ದೆ ಮತ್ತೆ ಅವರದು.

"ಪಂಪಿಗೆ ಸರ್ಕಾರ ಅರ್ಧ ಕೊಡ್ತೈತಂತ,
ಹೆಣ್ಮಕ್ಕಳಿಗೆ ಇನ್ನಷ್ಟು ಹೆಚ್ಚಂತ. ಬರಿ ಯಕ್ಕಾ."
ಕೊಡ ಹೊತ್ತೂ ಹೊತ್ತೂ ಅವಳ ಎಡ ಭುಜ
ಬಲಕ್ಕಿಂತ ಒಂದು ಬೆರಳು ಕೆಳಗಿದೆ.

ಬರೆದೆ.
ಗಂಡ ಎಲ್ಲಿ ಎಂದು ಕೇಳುತ್ತದೆ ಅರ್ಜಿ.
"ವಾಸ್ಕೋ ಬಂದರದಾಗ. ಇಲ್ಲಾ ಮ್ಯಾಲ."
ಎರಡನ್ನೂ ಬರೆಯುವಷ್ಟು ಜಾಗವಿರಲಿಲ್ಲ.

ಆಮೇಲೆ ಒಂದು-ಹದಿನಾಲ್ಕರ ನಮೂನೆ.
ಒಂದೇ ಮನೆತನದ ಹನ್ನೊಂದು ಹೆಸರು.
ನಾಲ್ವರು ತೀರಿಕೊಂಡವರು, ಇಬ್ಬರು ಲಿಸ್ಬನ್ನಿನಲ್ಲಿ,
ಒಬ್ಬಳು ಕಾನ್ವೆಂಟಿನ ಸಿಸ್ಟರ್.
ಎಲ್ಲರ ಕೆಳಗೆ ಸಾಗುವಳಿದಾರ ಎಂಬ ಕಾಲಂ,
ಸುತ್ತ ಗೆರೆ, ನಡುವೆ ಬಿಳಿ.

ಮುದುಕ ಕಾಸಿಯಾನ್ ಕೆಟ್ಟವನಲ್ಲ.
ಕ್ರಿಸ್‌ಮಸ್ಸಿಗೆ ಇವಳ ಶೆಡ್ಡಿಗೂ ನೆವ್ರಿ ಕಳಿಸುತ್ತಾನೆ.
"ಹೆಸರು ಬಿದ್ದರೆ ನಾಳೆ ಗದ್ದೆಯೇ ನಿನ್ನದಾಗುತ್ತದಲ್ಲ, ಬಾಯಿ"
ಎಂದು ನಗುತ್ತಾನೆ, ನಿಜಕ್ಕೂ ಹೆದರಿಕೊಂಡೇ ನಗುತ್ತಾನೆ.
ಗೇಣಿಯವರನ್ನು ಕಾಯಲೆಂದೇ ಮಾಡಿದ ಕಾನೂನು;
ಅದು ಇರುವುದಕ್ಕೇ ಇವಳಿಗೆ
ಚೂರು ಕಾಗದವೂ ಹುಟ್ಟುವುದಿಲ್ಲ.

ನಮ್ಮೂರ ಗೋಡೆಯ ಮೇಲೆ ಕೆಮ್ಮಣ್ಣಲ್ಲಿ ಬರೆದಿದ್ದರು
ಉಳುವವನೇ ಹೊಲದೊಡೆಯ.
ಅಕ್ಷರ ಕೂಡಿಸಲು ನಾನು ಕಲಿತದ್ದೇ ಅದರಲ್ಲಿ.
ಹೆಂಗಸು ನೇಗಿಲು ಮುಟ್ಟಿದರೆ ಮಳೆ ಹೋಗುತ್ತದೆಂದು
ಅದೇ ಗೋಡೆಯ ನೆರಳಲ್ಲಿ ಕೂತವರು ಹೇಳುತ್ತಿದ್ದರು.
ಬಿತ್ತುವವಳು, ಕಳೆ ಕೀಳುವವಳು, ನೀರು ಹಾಯಿಸುವವಳು,
ಬಾಳೆನಾರಿನಲ್ಲಿ ಕಟ್ಟು ಕಟ್ಟಿ
ನಸುಕಿನ ನಾಲ್ಕರ ಟೆಂಪೋ ಹತ್ತುವವಳು.
ಇಷ್ಟೊಂದು ಕ್ರಿಯಾಪದ ಇದ್ದೂ
ಕಾನೂನು ಕೇಳುವ ಒಂದೇ ಒಂದು
ಇವಳ ಬಳಿ ಇಲ್ಲ.

ಅವ್ವ ಒಂದು ಮಾತು ಆಡುತ್ತಿದ್ದಳು: ಒಕ್ಕಲಗಿತ್ತಿ.
ಯಾವ ಅರ್ಜಿಯಲ್ಲೂ ಅದನ್ನು ಕಂಡಿಲ್ಲ ನಾನು.

ಆಧಾರ್ ಹುಡುಕುತ್ತ ಅವಳು
ಮಾರದೆ ಉಳಿದ ರಾಜಗಿರಿಯ ಕಟ್ಟನ್ನು
ಯಂತ್ರದ ಗಾಜಿನ ಮೇಲಿಟ್ಟಿದ್ದಳು. ನಾನು ನೋಡಲಿಲ್ಲ.
ಬೇರಿನ ಕೆಸರು, ಒಂದು ತೊಟ್ಟು ಕೆಂಪು ನೀರು.
ಪ್ರತಿ ತೆಗೆದರೆ, ಸಾಗುವಳಿದಾರನ ಜಾಗದಲ್ಲಿ
ಹೆಬ್ಬೆಟ್ಟಿನಷ್ಟು ಬೂದು ಕಲೆ.

ಹತ್ತೇ ನಿಮಿಷಕ್ಕೆ ರಸ್ತೆ ದಾಟಿ ವಾಪಸು ಬಂದಳು.
ಸ್ಪಷ್ಟ ಪ್ರತಿ ಬೇಕಂತೆ ಸಾಹೇಬರಿಗೆ.

ಗಾಜು ಒರೆಸಿದೆ, ಹಳೇ ಬನಿಯನ್ನಿನಲ್ಲಿ, ಎರಡು ಸಲ.
ಈ ಸಲದ್ದು ಬಲು ಚೊಕ್ಕಟ ಬಂತು.
ಬೆಳಕಿಗೆ ಹಿಡಿದು ನೋಡಿದಳು,
ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ದುಡ್ಡು ಬೇಡವೆಂದೆ. ಕಟ್ಟನ್ನು ಬಿಟ್ಟು ಹೊರಟಳು.
ಮೆಟ್ಟಿಲಿಳಿದವಳು ತಿರುಗಿ ನಿಂತು,
"ಬೇರು ಒಗಿಬ್ಯಾಡ ಯಕ್ಕಾ. ಹಳೇ ಡಬ್ಬ್ಯಾಗ ಊರು.
ಹತ್ತಿದರ ಹತ್ತೀತು."