ಬೆರಳುದ್ದದ ಅಗುಳಿ

ಕೈ ಚಾಚಿ, ಕಲ್ಬತೋನೋ ಲಮಾರಾ.
ಎಣ್ಣೆ ಒರೆಸಿದ್ದೇನೆ, ಅಂಟುವುದಿಲ್ಲ.
ಇದೇ ಅದು.
ನಿಮ್ಮ ಕಿರುಬೆರಳಿಗಿಂತ ಒಂದು ಗೆಣ್ಣು ಹೆಚ್ಚು.
ಹನ್ನೊಂದು ವರ್ಷ
ಮ್ತಾತ್ಸ್‌ಮಿಂಡಾ ಗುಡ್ಡದ ಆ ಕಡಿದು ಓಣಿಯಲ್ಲಿ
ಒಂದೂವರೆ ಟನ್ ಜಪಾನಿ ಕಬ್ಬಿಣವನ್ನು
ರಾತ್ರಿಯಿಡೀ ಕಚ್ಚಿ ಹಿಡಿದ ಮೂತಿ.

‘ಇಷ್ಟೇನಾ?’
ಎಲ್ಲರೂ ಅದನ್ನೇ ಕೇಳುತ್ತಾರೆ.

ನೀವು ಹಿಡಿಯನ್ನು ಪಿ ಅಕ್ಷರಕ್ಕೆ ತಳ್ಳುತ್ತೀರಿ,
ಒಳಗೆ ಎಣ್ಣೆಗತ್ತಲಲ್ಲಿ ಒಂದು ಸರಳು ಸರಿಯುತ್ತದೆ.
ಸರಳಿನ ತುದಿಗೆ ಬುಗುರಿಯಂಥ ಉಕ್ಕು,
ಅದರ ಬೆನ್ನಿಗೊಂದು ಸ್ಪ್ರಿಂಗ್.
ಬುಗುರಿ ಬಂದು ಬೆನ್ನೊತ್ತಿದರೆ ಅಗುಳಿ ತಲೆಬಾಗಿ
ಹಲ್ಲಿನ ಗಾಲಿಯ ಸಂದಿಗೆ ಬೀಳುತ್ತದೆ.
ಸಂದಿ ಸಿಗದೆ ಹಲ್ಲಿನ ನೆತ್ತಿಯೇ ಎದುರಾದರೆ
ಬೀಳುವುದಿಲ್ಲ. ಸ್ಪ್ರಿಂಗ್ ಬಿಗಿಹಿಡಿದು ಕಾಯುತ್ತದೆ.
ನೀವು ಬ್ರೇಕ್ ಬಿಡುತ್ತೀರಿ,
ಕಾರು ನಾಲ್ಕು ಬೆರಳು ಜಾರುತ್ತದೆ,
ಆಗ
ಟಕ್.

ಆ ಟಕ್ ಒಂದನ್ನೇ ನಂಬಿ ಮೆಟ್ಟಿಲು ಹತ್ತಿದಿರಿ ಇಷ್ಟು ವರ್ಷ.
ಹ್ಯಾಂಡ್‌ಬ್ರೇಕ್ ಎಳೆದವರೇ ಅಲ್ಲ ನೀವು,
ಅದರ ಕೇಬಲ್ ಕಾರ್ಖಾನೆಯಿಂದ ಬಂದ ಹಾಗೇ ಇದೆ.
ಬೆಳಿಗ್ಗೆ ಹಿಡಿ ಎಳೆದಾಗ ಢಣ್ ಎನ್ನುತ್ತಿತ್ತಲ್ಲ?
ಇಡೀ ಕಾರಿನ ಭಾರದ ಕೆಳಗಿಂದ
ಇದು ತನ್ನನ್ನು ಕಿತ್ತುಕೊಳ್ಳುವ ಸದ್ದು ಅದು.

ಬೆಳಕಿಗೆ ಹಿಡಿಯಿರಿ.
ಎಡ ಮೂಲೆ ಚೀಪಿದ ಕಲ್ಲುಸಕ್ಕರೆ,
ಬಲ ಮೂಲೆ ಇನ್ನೂ ಚೂಪು.
ಅಂದರೆ ಯಾವಾಗಲೂ ನದಿಯ ಕಡೆಗೇ ಮೂತಿ ಮಾಡಿ ನಿಲ್ಲಿಸುತ್ತೀರಿ.
ಹೌದಲ್ಲವೆ?
ನಿಮ್ಮ ಓಣಿ ನಾನು ನೋಡಿಲ್ಲ. ಇದು ಹೇಳಿತು.

ಆದರೆ ತುದಿಯಲ್ಲಿ ಇದೇನು,
ಅಡ್ಡಡ್ಡ, ಮೇಲಿಂದ ಮೇಲೆ, ಹೊಸ ಗೀರು?
ಇದು ಭಾರದ್ದಲ್ಲ.
ಉರುಳುತ್ತಿರುವ ಕಾರಿಗೆ ಪಿ ಹಾಕಿದರೆ
ಅಗುಳಿ ಕೂರದೆ ಹಲ್ಲಿಂದ ಹಲ್ಲಿಗೆ ಕಟಕಟಕಟ ಪುಟಿಯುತ್ತದೆ,
ಓಟದಲ್ಲಿ ಕಚ್ಚದಿರಲೆಂದೇ ಹಾಗೆ ಕೊರೆದಿದ್ದಾರೆ ಹಲ್ಲನ್ನು.
ವೇಗ ಸತ್ತ ಮೇಲೆ ಧಡ್ ಎಂದು ಕೂರುತ್ತದೆ.
ಅವಸರದವರ ಗೀರು ಇದು.
ನೀವೋ ಪಿಯಾನೋ ಕಲಿಸುವವರು,
ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುವವರು.

ಬೇರೆ ಯಾರೂ ಓಡಿಸುವುದಿಲ್ಲವೇ? ಸರಿ.
ನನಗೇನು.

ನಿಮ್ಮ ಬೆರಳು ನನ್ನ ಮೇಜಿನ ಮೇಲೆ
ಏನನ್ನೋ ನುಡಿಸುತ್ತಿದೆ, ಸದ್ದಿಲ್ಲದೆ.
ತಾನೇ ಹಿಂದೆ ಸರಿದ ಸೀಟು,
ಲೆಕ್ಕಕ್ಕೆ ಸಿಗದ ಪೆಟ್ರೋಲು,
ಶನಿವಾರದ ರಾತ್ರಿಗಳು.
‘ಗೆಲಾ’ ಎಂದಿರಿ. ಮೊಮ್ಮಗ. ಹದಿನಾರು.

ಬೈಯಬೇಡಿ.
ನನ್ನ ಹೆಬ್ಬೆರಳು ನೋಡಿ, ತುದಿ ಇಲ್ಲ.
ರುಸ್ತಾವಿಯ ಕಾರುಸಂತೆಯಿಂದ ತಂದ ನನ್ನ ಮೊದಲ ಆಟೋಮ್ಯಾಟಿಕ್,
ಪಿಯಲ್ಲಿದೆ ಎಂದು ನಂಬಿ ಒಂದು ಗಾಲಿಯನ್ನು ಜಾಕಿಗೆ ಎತ್ತಿದೆ.
ಡಿಫರೆನ್ಷಿಯಲ್ಲಿಗೆ ಅಗುಳಿಯ ಹಂಗಿಲ್ಲ:
ಎತ್ತಿದ ಗಾಲಿ ಹಿಂದಕ್ಕೆ ತಿರುಗಿತು,
ನೆಲದ ಗಾಲಿ ಮುಂದಕ್ಕೆ.
ಅಗುಳಿ ಹಿಡಿದೇ ಇತ್ತು.
ಕಾರು ಹೋಯಿತು.

ಹೇಳಿಕೊಡಿ ಅವನಿಗೆ: ಕಾಲು ಬ್ರೇಕಿನ ಮೇಲೆ,
ನಿಂತ ಮೇಲೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್,
ಕಾಲು ಸಡಿಲಿಸು, ಭಾರ ಅದರ ಮೇಲೆ ಕೂರಲಿ.
ಪಿ ಆಮೇಲೆ. ನೀವೂ ಕೇಳಿಸಿಕೊಳ್ಳಿ.

ಹೊಸ ಅಗುಳಿ ಎಲಿಯಾವಾ ಬಜಾರಿನಲ್ಲಿ ಸಿಗಲಿಲ್ಲ.
ಒಡೆದ ಇನ್ನೊಂದು ಗೇರ್‌ಪೆಟ್ಟಿಗೆಯಿಂದ ಕಳಚಿ ಹಾಕಿದ್ದೇನೆ.
ಅದರ ಬಲ ಮೂಲೆ ಸವೆದಿದೆ,
ಯಾರೋ ಏರಿನ ಕಡೆ ಮೂತಿ ಮಾಡಿ ನಿಲ್ಲಿಸುತ್ತಿದ್ದವರದು.
ನಿಮಗೆ ಬೇಕಾದ ಮೂಲೆ ಮುಟ್ಟಿದ ಹಾಗೂ ಇಲ್ಲ.

ಹಳೆಯದು ಬೇಕೇ? ಒಯ್ಯಿರಿ.
ಅವನ ತಟ್ಟೆಯ ಪಕ್ಕ ಇಡುವುದಾದರೆ
ಒಮ್ಮೆ ಸೋಪು ಹಾಕಿ ತೊಳೆಯಿರಿ.