ಬರೆ

ವಿಲ್ಫ್ ಕತ್‌ಬರ್ಟ್‌ಸನ್ ತಂದ ಡಿಸ್ಕು
ನಲವತ್ತೊಂದನೇ ನಿಮಿಷಕ್ಕೆ ನಿಲ್ಲುತ್ತದೆ.
ಟೇಪು ಹಿಡಿದ ತೀರ್ಪುಗಾರನ ಬಾಯಿ
ಅರ್ಧ ತೆರೆದಿದೆ. ಆಮೇಲೆ ಬರೀ
ಹಸಿರು ನೀಲಿ ಚೌಕಳಿ, ಲುಂಗಿಯಂತೆ.

‘ಎರಡು ಸಾವಿರದ ಆರು. ಕ್ಲಬ್ಬಿನ ಲೀಕ್ ಪ್ರದರ್ಶನ.’
ಲೀಕ್ ಅಂದರೆ ಈರುಳ್ಳಿಯ ದಾಯಾದಿ,
ಮಗುವಿನ ತೊಡೆಯಷ್ಟು ದಪ್ಪ ಬೆಳೆಸುತ್ತಾರೆ ಇಲ್ಲಿ.
ಆಶಿಂಗ್ಟನ್ನಿನ ಗಣಿ ಮುಚ್ಚಿತು,
ಗಂಡಸರು ಅಗೆಯುವುದು ಬಿಡಲಿಲ್ಲ.
ಆ ವರ್ಷದ ಬಹುಮಾನ ಒಂದು ಫ್ರಿಜ್ಜು,
ಅದು ಹೆಡ್ಲಿಯ ಪಾಲಾಯಿತು.
ಅಳತೆಯಲ್ಲೇ ಮೋಸ, ಎನ್ನುತ್ತಾನೆ ವಿಲ್ಫ್,
ಸಾಕ್ಷಿ ಇದರೊಳಗಿದೆ.
ಹೆಡ್ಲಿ ಹೊರಗೆ ಕಾರಿನಲ್ಲಿ ಕೂತಿದ್ದಾನೆ.
ಇಬ್ಬರೂ ಬಂದದ್ದು ಒಂದೇ ಕಾರಿನಲ್ಲಿ.

ನನ್ನದು ಮೊಬೈಲಿನ ಒಡೆದ ಗಾಜು ಬದಲಿಸುವ ಅಂಗಡಿ.
ಡಿಸ್ಕು ತಂದವರನ್ನು ಉಳಿದವರು ನಕ್ಕು ಕಳಿಸುತ್ತಾರೆ,
ನಾನು ಕುರ್ಚಿ ಕೊಡುತ್ತೇನೆ.
ಹರಪನಹಳ್ಳಿಯ ಸ್ಟುಡಿಯೋದಲ್ಲಿ ಎರಡು ವರ್ಷ
ಪರರ ಮದುವೆಗಳನ್ನು ಡಿಸ್ಕಿಗೆ ಇಳಿಸಿದವಳು.
ಧಾರೆಗೊಂದು, ಊಟಕ್ಕೆರಡು.

ಮೊದಲು ಓರೆ ಹಿಡಿದು ಟ್ಯೂಬ್‌ಲೈಟಿಗೆ ತೋರಿಸಬೇಕು.
ಗೀರು ನಡುವಿನಿಂದ ಅಂಚಿಗೆ ಹೋಗಿದ್ದರೆ ಅಷ್ಟೇನಿಲ್ಲ,
ದನ ಹೊಲ ದಾಟಿದ ಹಾಗೆ.
ಸಾಲಿನ ಗುಂಟ ನಡೆದಿದ್ದರೆ ಬೆಳೆಯನ್ನೇ ಮೇದಿರುತ್ತದೆ.
ಒರೆಸುವುದೂ ಒಳಗಿನಿಂದ ಹೊರಕ್ಕೆ ನೇರವಾಗಿ,
ತಟ್ಟೆ ತೊಳೆದಂತೆ ಸುತ್ತಬಾರದು.
ವಿಲ್ಫ್ ಸುತ್ತಿದ್ದಾನೆ. ಟೂತ್‌ಪೇಸ್ಟ್ ಬೇರೆ.
ಡಿಸ್ಕಿಗೆ ಪುದೀನದ ವಾಸನೆ.

‘ಬರೆದವರು ಯಾರು?’
‘ತಂಗಿಯ ಮಗ ಡ್ಯಾರನ್. ಅವನದೇ ಕ್ಯಾಮೆರಾ.
ಹದಿನಾರರ ವೇಗದಲ್ಲಿ ಸುಟ್ಟುಕೊಟ್ಟು ಓಡಿದ.’
ಅವಸರ ಒಳಸುತ್ತಿನಲ್ಲಿ ತಿಳಿಯುವುದಿಲ್ಲ,
ಅಂಚು ಹತ್ತಿರವಾದಂತೆ ಸಾಲು ತೂರಾಡುತ್ತದೆ.
ಮೇಲೆ ಕಾಗದದ ಚೀಟಿ ಬೇರೆ ಅಂಟಿಸಿದ್ದಾನೆ,
ಒಂದು ಮಗ್ಗುಲು ಎದ್ದು, ತಿರುಗುವಾಗ
ಡಿಸ್ಕು ತಲೆ ಅಲ್ಲಾಡಿಸುತ್ತದೆ.
ಕೀಳಬಾರದು, ಇನ್ನೂ ಬಾಗುತ್ತದೆ.
ಒತ್ತಿ ಕೂರಿಸಿದೆ, ಜ್ವರದ ಹಣೆಗೆ ಪಟ್ಟಿ ಕೂರಿಸಿದಂತೆ.

ಬೆಳಕಿನ ಮೊನೆ ಕಾಸಿ ಎಳೆದ ಗೆರೆ ಇದು.
ನಮ್ಮಲ್ಲಿ, ಅಂದೆ ವಿಲ್ಫ್‌ಗೆ,
ಬರೆ ಅಂದರೆ ಬರೆಯುವುದು,
ಬರೆ ಅಂದರೆ ಸುಟ್ಟ ಗಾಯವೂ.
ಅವನು ಮೊಣಕೈ ಎತ್ತಿ ತೋರಿಸಿದ,
ಗಣಿಯಲ್ಲಿ ಕಡಿದುಕೊಂಡದ್ದು,
ಕಲ್ಲಿದ್ದಲ ಪುಡಿ ಒಳಗೇ ಉಳಿದು ನೀಲಿಯಾಗಿದೆ.
ನಾನು ಮುಂದೆ ವ್ಯಾಕರಣ ಹೇಳಲಿಲ್ಲ.

ಹೊಸ ಪ್ಲೇಯರುಗಳಿಗೆ ತಾಳ್ಮೆ ಇಲ್ಲ,
ಮೂರು ಸಲ ನೋಡಿ ಹೊರಗೆ ಉಗುಳುತ್ತವೆ.
ಕಪಾಟಿನಲ್ಲಿ ನನ್ನದೊಂದು ಮುದಿ ಡ್ರೈವ್ ಇದೆ,
ಕಿವುಡಜ್ಜಿಯಂತೆ ಒಂದೇ ಮಾತು:
ಏನಂದೆ? ಏನಂದೆ? ಇನ್ನೊಮ್ಮೆ ಹೇಳು.
ಕಣ ಕಣ ಕೇಳಿ ಬರೆದುಕೊಳ್ಳುತ್ತದೆ.
ಎರಡು ಗಂಟೆ. ಚಳಿಯಾಗಿ ಹೆಡ್ಲಿಯೂ ಒಳಗೆ ಬಂದ.
ವಿಲ್ಫ್ ಕುರ್ಚಿಯ ಅರ್ಧ ಬಿಟ್ಟುಕೊಟ್ಟ.

ನಲವತ್ತು. ನಲವತ್ತೊಂದು.
ತೀರ್ಪುಗಾರನ ಬಾಯಿ ಪೂರ್ತಿ ತೆರೆಯಿತು,
ಅಷ್ಟರಲ್ಲಿ ಕ್ಯಾಮೆರಾ ತಿರುಗಿತು
ಟೀ ಹಂಡೆಯ ಕಡೆಗೆ.
ಕೆಂಪು ಸ್ವೆಟರಿನ ಹುಡುಗಿ,
ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿ ಕೂದಲು ಎತ್ತಿ ಕಟ್ಟುತ್ತಾಳೆ,
ಹಾಲಿನ ಜಗ್ಗು ಹುಡುಕುತ್ತಾಳೆ,
ನೋಡಿಬಿಡುತ್ತಾಳೆ, ನಾಲಿಗೆ ಚಾಚುತ್ತಾಳೆ.
ಹಿಂದೆ ಎಲ್ಲೋ ಚಪ್ಪಾಳೆ.
ಐದು ನಿಮಿಷ ಕ್ಯಾಮೆರಾ ಅಲ್ಲಾಡಲೇ ಇಲ್ಲ,
ಇಡೀ ಡಿಸ್ಕಿನಲ್ಲಿ ಕೈ ನಡುಗದ ಜಾಗ ಅದೊಂದೇ.

‘ಫ್ರಿಜ್ಜು ಮೂರೇ ವರ್ಷ ಬಾಳಿತು,’ ಅಂದ ಹೆಡ್ಲಿ.
‘ಕಸಾಯಿ ಅಂಗಡಿಯವನ ಮಗಳಲ್ಲವೇ ಇವಳು?’
‘ಅಲ್ಲ, ಅಂಚೆಕಚೇರಿಯ ಜೀನಳ ತಂಗಿ.’
‘ನಿನಗೇನು ಗೊತ್ತು?’
‘ನಿನಗೇನು ಗೊತ್ತು?’

ಇಬ್ಬರಿಗೂ ಒಂದೊಂದು ಪ್ರತಿ ಬೇಕಂತೆ.
ಆರು ಪೌಂಡು, ಅಂದೆ, ನಾಲ್ಕರ ವೇಗ,
ಕಾಯಬೇಕಾಗುತ್ತದೆ,
ಮೇಲೆ ಏನೂ ಅಂಟಿಸಬೇಡಿ.